ಬೆಲ್ಟ್ ಲೋಡರ್ ತಾಗಿದ ವಿಮಾನ ಏಕೆ ಹಾರಲಿಲ್ಲ?

ಪ್ರಶ್ನೆ: ಕಳೆದ ತಿಂಗಳು ಗಲ್ಫ್‌ನ ಒಂದು ನಿಲ್ದಾಣದಿಂದ ಮಂಗಳೂರಿಗೆ ಹೊರಟಿದ್ದೆ. ಸಾಮಾನು ಏರಿಸುವ ಬೆಲ್ಟಿನ ಗಾಡಿಯೊಂದು ವಿಮಾನದ ಹೊಟ್ಟೆಗೆ ಮೆಲ್ಲನೆ ತಾಗಿದ್ದು ಕಾಯುವ ಹಾಲಿನ ಗಾಜಿನಿಂದ ಕಾಣಿಸಿತು. ಆದದ್ದು ಅಂಗೈ ಅಗಲದ ನೆಗ್ಗು ಮಾತ್ರ. ಅದಕ್ಕಾಗಿ ಒಂಬತ್ತು ಗಂಟೆ ಕಾಯಿಸಿ, ಕೊನೆಗೆ ಮರುದಿನ ಬೇರೆ ವಿಮಾನದಲ್ಲಿ ಕಳುಹಿಸಿದರು. ಕಟಪಾಡಿಯಲ್ಲಿ ತಂಗಿಯ ಗೃಹಪ್ರವೇಶ ತಪ್ಪಿಹೋಯಿತು. ಮೈತುಂಬ ನೆಗ್ಗಿರುವ ಬಸ್ಸುಗಳು ಮಂಗಳೂರು–ಉಡುಪಿ ನಡುವೆ ದಿನವೂ ಓಡುತ್ತಿಲ್ಲವೇ? ನಡಿಗೆಯ ವೇಗದ ಗಾಡಿ ನಿಂತ ವಿಮಾನಕ್ಕೆ ಗುದ್ದುವುದಾದರೂ ಹೇಗೆ? ಅಂಥ ಚಾಲಕನನ್ನು ಕೆಲಸದಿಂದ ತೆಗೆಯಬೇಡವೇ? ಇನ್ನೊಂದು ಮಾತು: ನಮ್ಮನ್ನು ಕರೆತಂದ ಬದಲಿ ವಿಮಾನದ ಬಾಗಿಲ ಪಕ್ಕದಲ್ಲೂ ಒಂದು ತೇಪೆ ಇತ್ತು. ಅದರಲ್ಲಿ ಹತ್ತಿದ್ದು ಸರಿಯೇ? — ಕಾಪುವಿನ ಓದುಗರೊಬ್ಬರು

ಉತ್ತರ: ಬಸ್ಸಿನ ಹೋಲಿಕೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ಅಸಮಾಧಾನದ ಬೇರು ಅಲ್ಲಿಯೇ ಇದೆ. ಬಸ್ಸಿನ ಭಾರವನ್ನು ಹೊರುವುದು ಅಡಿಯಲ್ಲಿರುವ ಚಾಸಿ. ಮೇಲಿನ ತಗಡು ಮಳೆ ಗಾಳಿ ಒಳಗೆ ಬಾರದಂತೆ ತಡೆಯುವುದಕ್ಕಿದೆ. ಆ ತಗಡು ಎಷ್ಟು ನೆಗ್ಗಿದರೂ ಬಸ್ಸು ಉಡುಪಿ ಸೇರುತ್ತದೆ. ವಿಮಾನದ ಒಡಲಿಗೆ ಅಂಥ ಪ್ರತ್ಯೇಕ ಚಾಸಿ ಇಲ್ಲ. ಹೊರಗಿನ ತೆಳು ಹೊದಿಕೆ, ಅದರ ಒಳಬದಿಗೆ ಬಳೆಗಳಂತೆ ಕೂರಿಸಿದ ಫ್ರೇಮುಗಳು ಮತ್ತು ಉದ್ದಕ್ಕೆ ಓಡುವ ಸ್ಟ್ರಿಂಗರ್ ಎಂಬ ಪಟ್ಟಿಗಳು ಒಟ್ಟಾಗಿಯೇ ಭಾರ ಹೊರುತ್ತವೆ. ಮಂಗಳೂರಿಗೆ ಬರುವ ಬೋಯಿಂಗ್ 737 ಮತ್ತು ಏರ್‌ಬಸ್ ಎ320 ಮಾದರಿಗಳಲ್ಲಿ ಈ ಅಲ್ಯೂಮಿನಿಯಂ ಹೊದಿಕೆ ಹಲವೆಡೆ 1ರಿಂದ 2 ಮಿಲಿಮೀಟರ್ ದಪ್ಪ, ಅಂದರೆ ಹೆಚ್ಚುಕಡಿಮೆ ಒಂದು ರೂಪಾಯಿ ನಾಣ್ಯದಷ್ಟು.

ಈ ನಾಣ್ಯದಷ್ಟು ದಪ್ಪದ ಹೊದಿಕೆ ಏನನ್ನು ತಡೆದುಕೊಳ್ಳುತ್ತದೆ ಎಂಬುದನ್ನು ನೋಡಿ. ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ ಹೊರಗಿನ ಗಾಳಿ ಉಸಿರಾಟಕ್ಕೆ ಸಾಲದಷ್ಟು ತೆಳುವಾಗಿರುತ್ತದೆ. ಒಳಗೆ ಮಾತ್ರ ಆರೆಂಟು ಸಾವಿರ ಅಡಿಯ ಬೆಟ್ಟದ ಮೇಲಿರುವಷ್ಟು ಒತ್ತಡವನ್ನು ಕಾಯ್ದುಕೊಳ್ಳಲಾಗುತ್ತದೆ. ಈ ವ್ಯತ್ಯಾಸ ಒಂದು ಚದರ ಮೀಟರಿಗೆ ಸುಮಾರು ಐದೂವರೆ ಟನ್ ಭಾರವಾಗಿ ಹೊದಿಕೆಯನ್ನು ಹೊರಕ್ಕೆ ತಳ್ಳುತ್ತದೆ. ನೀವು ಹೇಳಿದ ಅಂಗೈ ಅಗಲದ ಜಾಗವೊಂದರ ಮೇಲೆಯೇ ಒಬ್ಬ ವಯಸ್ಕ ಮನುಷ್ಯನ ತೂಕ ಬೀಳುತ್ತದೆ. ಇಳಿದಾಗ ಆ ಒತ್ತಡ ಹೋಗುತ್ತದೆ, ಮತ್ತೆ ಏರಿದಾಗ ಬರುತ್ತದೆ. ಮುಂಬೈ, ಬೆಂಗಳೂರು, ಮಂಗಳೂರು ಎಂದು ದಿನಕ್ಕೆ ಆರು ಬಾರಿ ಹಾರುವ ವಿಮಾನದ ಒಡಲು ದಿನಕ್ಕೆ ಆರು ಬಾರಿ ಉಬ್ಬಿ ಇಳಿಯುತ್ತದೆ. ತಂತಿಯನ್ನು ಅತ್ತಿತ್ತ ಬಾಗಿಸುತ್ತಾ ಹೋದರೆ ಅದು ಒಂದು ಹಂತದಲ್ಲಿ ತುಂಡಾಗುವುದು ಎಲ್ಲರಿಗೂ ಗೊತ್ತು. ಮಡಿಕೆ ಬಿದ್ದ ಕಡೆಯಲ್ಲಿ ಅಥವಾ ಗೀರು ಬಿದ್ದ ಕಡೆಯಲ್ಲಿ ಅದು ಬೇಗ ತುಂಡಾಗುತ್ತದೆ. ಲೋಹದ ದಣಿವು ಎನ್ನುವುದು ಇದನ್ನೇ.

ಹೀಗಾಗಿ ಎಂಜಿನಿಯರ್ ನೆಗ್ಗಿನ ಅಗಲಕ್ಕಿಂತ ಹೆಚ್ಚಾಗಿ ಅದರ ಸ್ವಭಾವವನ್ನು ನೋಡುತ್ತಾನೆ. ತಟ್ಟೆಯಂತೆ ನಯವಾಗಿ ತಗ್ಗಿದ ಅಗಲವಾದ ನೆಗ್ಗು ಹಲವು ಸಲ ಹಾಗೆಯೇ ಹಾರಲು ಯೋಗ್ಯ. ಅದರ ಕಾಲು ಭಾಗದಷ್ಟಿರುವ, ಆದರೆ ಚೂಪಾದ ಮಡಿಕೆಯಿರುವ ನೆಗ್ಗು ಯೋಗ್ಯವಲ್ಲ. ವಿಮಾನ ತಯಾರಕರು ಪ್ರತಿ ಮಾದರಿಗೂ ಒಂದು ರಚನಾ ದುರಸ್ತಿ ಕೈಪಿಡಿಯನ್ನು ಕೊಟ್ಟಿರುತ್ತಾರೆ. ಒಡಲಿನ ಯಾವ ಭಾಗದಲ್ಲಿ ಎಷ್ಟು ಆಳ, ಎಷ್ಟು ಅಗಲ, ಹತ್ತಿರದ ಫ್ರೇಮಿನಿಂದ ಮತ್ತು ರಿವೆಟ್ ಸಾಲಿನಿಂದ ಎಷ್ಟು ದೂರದಲ್ಲಿದ್ದರೆ ಸಹ್ಯ ಎಂಬುದು ಅದರಲ್ಲಿ ಇರುತ್ತದೆ. ಅಳತೆ ಆ ಮಿತಿಯೊಳಗಿದ್ದರೂ ಕೆಲಸ ಮುಗಿಯುವುದಿಲ್ಲ. ಹೊರಗಿನ ಹೊದಿಕೆ ಒಳಕ್ಕೆ ಹೋಗಿ ಮತ್ತೆ ಸ್ವಲ್ಪ ಹೊರಕ್ಕೆ ಪುಟಿದಿರಬಹುದು, ಒಳಗಿನ ಫ್ರೇಮು ಮಾತ್ರ ಬಿರಿದೇ ಉಳಿದಿರಬಹುದು. ಅದನ್ನು ನೋಡಬೇಕಾದರೆ ಏರಿಸಿದ ಸಾಮಾನನ್ನೆಲ್ಲ ಇಳಿಸಿ, ಸಾಮಾನು ಕೋಣೆಯ ಒಳಪದರ ಬಿಚ್ಚಿ, ದೀಪ ಹಿಡಿದು ಒಳಗೆ ತೆವಳಬೇಕು. ಕಣ್ಣಿಗೆ ಕಾಣದ ಬಿರುಕಿಗೆ ಎಡ್ಡಿ ಕರೆಂಟ್ ಪರೀಕ್ಷೆ ಮಾಡಬೇಕು. ಆ ಉಪಕರಣವೂ ಅದನ್ನು ಬಳಸಲು ಅರ್ಹತೆ ಪಡೆದವರೂ ಎಲ್ಲ ನಿಲ್ದಾಣಗಳಲ್ಲಿ ಇರುವುದಿಲ್ಲ. ಮಿತಿ ಮೀರಿದ್ದರೆ ತಯಾರಕರಿಗೇ ಅಳತೆ ಮತ್ತು ಚಿತ್ರಗಳನ್ನು ಕಳುಹಿಸಿ ಉತ್ತರಕ್ಕೆ ಕಾಯಬೇಕು. ಇಷ್ಟರೊಳಗೆ ಪೈಲಟರ ಕರ್ತವ್ಯದ ಅವಧಿ ಮುಗಿಯುತ್ತದೆ, ಬೇರೆ ಪೈಲಟರು ಬೇಕಾಗುತ್ತಾರೆ. ನಿಮ್ಮ ಒಂಬತ್ತು ಗಂಟೆಗಳು ಹೀಗೆ ಕಳೆದಿರುತ್ತವೆ. ಗೃಹಪ್ರವೇಶ ತಪ್ಪಿದ ನೋವಿಗೆ ಇದು ಸಮಾಧಾನವಲ್ಲ ಎಂದು ಬಲ್ಲೆ. ಆದರೆ ಆ ಹೊತ್ತಿನಲ್ಲಿ ಯಾರೂ ಸುಮ್ಮನೆ ಕುಳಿತಿರಲಿಲ್ಲ.

ಸುಮ್ಮನಿದ್ದರೆ ಏನಾಗುತ್ತದೆ ಎಂಬುದಕ್ಕೆ ನಾನು ಹೊಸಬರಿಗೆ ಪಾಠ ಮಾಡುವಾಗ ಯಾವಾಗಲೂ ಹೇಳುವ ಪ್ರಕರಣವೊಂದಿದೆ. 2005ರ ಡಿಸೆಂಬರ್ 26ರಂದು ಅಲಾಸ್ಕಾ ಏರ್‌ಲೈನ್ಸ್‌ನ ಎಂಡಿ-83 ವಿಮಾನ ಅಮೆರಿಕದ ಸಿಯಾಟಲ್‌ನಿಂದ ಬರ್ಬ್ಯಾಂಕ್‌ಗೆ ಹೊರಟಿತ್ತು. ಅದು ನಿಂತಿದ್ದಾಗ ಸಾಮಾನು ಸಾಗಿಸುವ ಉಪಕರಣವೊಂದು ಒಡಲಿನ ಬಲಬದಿಗೆ ತಾಗಿತ್ತು. ತಾಗಿಸಿದ ಕೆಲಸಗಾರ ಅದನ್ನು ಯಾರಿಗೂ ಹೇಳಲಿಲ್ಲ. ವಿಮಾನ ಏರಿತು. ಸುಮಾರು 26,000 ಅಡಿಯಲ್ಲಿ ಮಡಿಕೆ ಬಿದ್ದಿದ್ದ ಆ ಜಾಗ ಬಿರಿದು, ಸುಮಾರು 12 ಅಂಗುಲ ಉದ್ದ, 6 ಅಂಗುಲ ಅಗಲದ ತೂತಾಯಿತು. ಒಳಗಿನ ಒತ್ತಡ ಹಠಾತ್ತನೆ ಇಳಿದು ಆಮ್ಲಜನಕದ ಮುಖವಾಡಗಳು ಕೆಳಗೆ ಬಿದ್ದವು. ಪೈಲಟರು ತಕ್ಷಣ ಕೆಳಗಿಳಿದು ಸಿಯಾಟಲ್‌ಗೆ ಮರಳಿದರು. ಒಳಗಿದ್ದ ಸುಮಾರು 140 ಮಂದಿಗೂ ಏನೂ ಆಗಲಿಲ್ಲ. ಇನ್ನೂ ಹತ್ತು ಸಾವಿರ ಅಡಿ ಮೇಲೆ, ಸಮುದ್ರದ ನಡುವೆ ಇದೇ ನಡೆದಿದ್ದರೆ ಎಂದು ಯೋಚಿಸಿ ನೋಡಿ. ಗುದ್ದಿದ್ದಕ್ಕಿಂತ ಗುದ್ದಿದ್ದನ್ನು ತಿಳಿಸದಿದ್ದದ್ದೇ ಇಲ್ಲಿನ ದೊಡ್ಡ ತಪ್ಪು.

ಪೈಲಟ್ ಹೊರಡುವ ಮುನ್ನ ವಿಮಾನವನ್ನು ಒಂದು ಸುತ್ತು ನೋಡಿ ಬರುವುದಿಲ್ಲವೇ ಎಂದು ನೀವು ಕೇಳಬಹುದು. ಬರುತ್ತಾನೆ. ಆದರೆ ಆ ಸುತ್ತು ಮುಗಿದ ಮೇಲೂ ಬೆಲ್ಟ್ ಲೋಡರ್ ಅಲ್ಲಿಯೇ ಇರುತ್ತದೆ, ಊಟದ ಗಾಡಿ ಅಲ್ಲಿಯೇ ಇರುತ್ತದೆ, ಕೊನೆಯ ನಾಲ್ಕು ಪೆಟ್ಟಿಗೆಗಳನ್ನು ಹೊತ್ತ ಟ್ರಾಲಿ ಆಗಷ್ಟೇ ಬರುತ್ತಿರುತ್ತದೆ. ಕೊನೆಯ ಹತ್ತು ನಿಮಿಷದಲ್ಲಿ ತಾಗಿದ್ದನ್ನು ಬಲ್ಲವನು ತಾಗಿಸಿದವನು, ಹೆಚ್ಚೆಂದರೆ ಅವನ ಪಕ್ಕದಲ್ಲಿದ್ದವನು.

ಹೊಸ ಬಗೆಯ ವಿಮಾನಗಳಲ್ಲಿ ಈ ಮಾತು ಇನ್ನಷ್ಟು ನಿಜ. ಬೋಯಿಂಗ್ 787 ವಿಮಾನದ ರಚನೆಯಲ್ಲಿ ತೂಕದ ಲೆಕ್ಕದಲ್ಲಿ ಅರ್ಧದಷ್ಟು, ಏರ್‌ಬಸ್ ಎ350ರಲ್ಲಿ ಅದಕ್ಕೂ ತುಸು ಹೆಚ್ಚು ಭಾಗ ಕಾರ್ಬನ್ ನಾರಿನ ಸಂಯುಕ್ತ ವಸ್ತು. ಅಲ್ಯೂಮಿನಿಯಂ ಪೆಟ್ಟು ತಿಂದರೆ ನೆಗ್ಗಿ ಸಾಕ್ಷಿ ಹೇಳುತ್ತದೆ. ಸಂಯುಕ್ತ ವಸ್ತು ಪೆಟ್ಟು ತಿಂದು ಹಿಂದಕ್ಕೆ ಪುಟಿದು, ಬಣ್ಣವೂ ಕೆಡದಂತೆ ನಿಂತುಬಿಡಬಹುದು. ಒಳಗೆ ಪದರಗಳು ಬಿಟ್ಟಿರುತ್ತವೆ. ಮರದಿಂದ ಬಿದ್ದ ಹಲಸಿನ ಹಣ್ಣಿನ ಮುಳ್ಳುಗಳೆಲ್ಲ ಸರಿಯಾಗಿದ್ದು, ಕೊಯ್ದಾಗ ಮಾತ್ರ ಒಳಗೆ ತೊಳೆಗಳು ಜಜ್ಜಿಹೋಗಿರುವುದನ್ನು ನಮ್ಮ ಕಡೆಯವರು ನೋಡಿಯೇ ಇರುತ್ತಾರೆ. ಗಾಡಿಯ ಮುಂದಿನ ಮೆತ್ತನೆಯ ರಬ್ಬರ್ ಬಂಪರ್ ಇಲ್ಲಿ ಉಪಕಾರಕ್ಕಿಂತ ಅಪಕಾರವನ್ನೇ ಮಾಡಬಹುದು: ಪೆಟ್ಟು ಅಗಲವಾಗಿ ಹರಡುವುದರಿಂದ ಹೊರಗೆ ಗುರುತು ಉಳಿಯುವುದಿಲ್ಲ, ಒಳಗಿನ ಫ್ರೇಮು ಮಾತ್ರ ಬಿರಿಯುತ್ತದೆ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಇದನ್ನು ಪ್ರಯೋಗಗಳ ಮೂಲಕ ತೋರಿಸಿದ್ದಾರೆ. ಇಂಥ ಪೆಟ್ಟನ್ನು ಹುಡುಕಲು ಅಲ್ಟ್ರಾಸೌಂಡ್ ಉಪಕರಣಗಳಿವೆ. ಅದಕ್ಕೂ ಹಳೆಯ ವಿಧಾನವೊಂದಿದೆ, ನನಗೆ ಅದರ ಮೇಲೆ ವಿಶೇಷ ಮಮತೆ: ನಾಣ್ಯದಿಂದಲೋ ಸಣ್ಣ ಸುತ್ತಿಗೆಯಿಂದಲೋ ತಟ್ಟುತ್ತಾ ಹೋಗಿ ಸದ್ದು ಎಲ್ಲಿ ಮಂಕಾಗುತ್ತದೆ ಎಂದು ಕಿವಿಗೊಡುವುದು. ಹಲಸು ಬಲಿತಿದೆಯೇ ಎಂದು ಅಜ್ಜಿ ತಟ್ಟಿ ನೋಡುತ್ತಿದ್ದ ರೀತಿಯೇ ಇದು. ವಿಮಾನದ ಕೈಪಿಡಿಗಳಲ್ಲಿಯೂ ಇದಕ್ಕೆ ಸ್ಥಾನವಿದೆ.

ಇನ್ನು, ನಡಿಗೆಯ ವೇಗದ ಗಾಡಿ ಗುದ್ದುವುದು ಹೇಗೆ ಎಂಬ ಪ್ರಶ್ನೆ. ಮೊದಲು, ಆ ವೇಗ ನಿರುಪದ್ರವಿ ಎಂಬ ಭಾವನೆಯನ್ನು ಬಿಡಬೇಕು. ಮೂರು ಟನ್ ತೂಗುವ ಗಾಡಿ ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಬಂದು ತಾಗಿದರೆ, 50 ಕಿಲೋ ಅಕ್ಕಿ ಮೂಟೆಯನ್ನು ಆರು ಮೀಟರ್ ಎತ್ತರದಿಂದ, ಅಂದರೆ ಎರಡನೆಯ ಮಹಡಿಯಿಂದ ಬಿಟ್ಟಷ್ಟು ಶಕ್ತಿ ಆ ಒಂದು ಮಿಲಿಮೀಟರ್ ತಗಡಿನ ಮೇಲೆ ಬೀಳುತ್ತದೆ. ಎರಡನೆಯದಾಗಿ, ವಿಮಾನ ಬಂದು ನಿಂತು ಮತ್ತೆ ಹೊರಡುವ ನಡುವೆ ಇರುವುದು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ಅಷ್ಟರಲ್ಲಿ ಕಟ್ಟಡದಿಂದ ವಿಮಾನದ ಬಾಗಿಲಿಗೆ ಚಾಚುವ ಏರೋಬ್ರಿಡ್ಜ್ ಅಥವಾ ಮೆಟ್ಟಿಲು ಗಾಡಿಯಾದ ಸ್ಟೆಪ್ ಲ್ಯಾಡರ್, ವಿದ್ಯುತ್ ಕೊಡುವ ಜಿಪಿಯು, ಇಂಧನದ ಗಾಡಿ, ಎರಡು ಬೆಲ್ಟ್ ಲೋಡರ್, ಟ್ರಾಲಿ ಎಳೆಯುವ ಟಗ್, ಊಟದ ಹೈಲಿಫ್ಟ್, ನೀರಿನ ಗಾಡಿ, ಶೌಚದ ಗಾಡಿ, ಕೊನೆಗೆ ವಿಮಾನವನ್ನು ಹಿಂದಕ್ಕೆ ತಳ್ಳುವ ಪುಶ್‌ಬ್ಯಾಕ್ ಟ್ರ್ಯಾಕ್ಟರ್ ಎಲ್ಲವೂ ಒಂದೇ ಅಂಗಳಕ್ಕೆ ಬರಬೇಕು. ಬೆಲ್ಟ್ ಲೋಡರಿನ ಚಾಲಕ ಕೆಳಗೆ ಒಂದು ಬದಿಗೆ ಕುಳಿತಿರುತ್ತಾನೆ, ಬೆಲ್ಟಿನ ತುದಿ ಅವನಿಂದ ಮುಂದಕ್ಕೆ ಮತ್ತು ಮೇಲಕ್ಕೆ ಚಾಚಿರುತ್ತದೆ, ಎದುರಿನ ಒಡಲು ಒಂದೇ ಬಣ್ಣದ ದುಂಡು ಗೋಡೆ. ಕೊನೆಯ ಒಂದಡಿಯನ್ನು ಕಣ್ಣಳತೆಯಲ್ಲಿ ಹೇಳುವುದು ಅನುಭವಿಗಳಿಗೂ ಕಷ್ಟ. ಅದಕ್ಕೆಂದೇ ವಿಮಾನದ ಸುತ್ತ ನೆಲದಲ್ಲಿ ಬಳಿದ ಕೆಂಪು ಗೆರೆಯೊಳಗೆ ಬರುವ ಮುನ್ನ ಪೂರ್ತಿ ನಿಂತು ಬ್ರೇಕ್ ಪರೀಕ್ಷಿಸಬೇಕು, ವಿಮಾನದ ಎಂಜಿನ್ ನಿಂತು ಅದರ ಕೆಂಪು ದೀಪ ಆರಿ ಚಕ್ರಗಳಿಗೆ ಚಾಕ್ ಎಂಬ ತಡೆಗಟ್ಟೆ ಇಟ್ಟ ಮೇಲೆಯೇ ಸಮೀಪಿಸಬೇಕು, ನೋಟ ಸಾಲದ ಕಡೆ ಕೈಸನ್ನೆ ಮಾಡುವ ಜೊತೆಗಾರ ಇರಬೇಕು, ಬಂಪರ್ ವಿಮಾನವನ್ನು ಮುಟ್ಟಲೇಬಾರದು ಎಂಬ ನಿಯಮಗಳಿರುವುದು. ನಿಮ್ಮ ಪ್ರಕರಣದಲ್ಲಿ ಇವುಗಳಲ್ಲಿ ಯಾವುದೋ ಒಂದು ತಪ್ಪಿತ್ತು.

ನಿಂತ ವಿಮಾನ ಎನ್ನುವುದೂ ಪೂರ್ತಿ ಸರಿಯಲ್ಲ, ಅದು ನಿಂತಲ್ಲೇ ಏರಿಳಿಯುತ್ತದೆ. ಪ್ರಯಾಣಿಕರು ಇಳಿದು ಸಾಮಾನು ಖಾಲಿಯಾದಂತೆ ಚಕ್ರದ ಸ್ಪ್ರಿಂಗಿನ ಮೇಲೆ ಒಡಲು ಮೇಲೇಳುತ್ತದೆ. ಇಂಧನ ತುಂಬಿ, ಜನ ಹತ್ತಿ, ಪೆಟ್ಟಿಗೆಗಳು ಏರಿದಂತೆ ಕೆಳಗಿಳಿಯುತ್ತದೆ. ಹೊರಕ್ಕೆ ತೆರೆದುಕೊಳ್ಳುವ ಮುಂಬಾಗಿಲು ಏರೋಬ್ರಿಡ್ಜಿನ ನೆಲಕ್ಕಿಂತ ಸ್ವಲ್ಪವೇ ಮೇಲಿರುತ್ತದೆ. ವಿಮಾನ ಇಳಿದಂತೆ ಬ್ರಿಡ್ಜನ್ನೂ ತಾನಾಗಿ ಇಳಿಸುವ ಚಕ್ರವೊಂದು ಒಡಲಿಗೆ ಆನಿಕೊಂಡಿರುತ್ತದೆ. ಅದು ಕೆಟ್ಟರೆ, ಇಲ್ಲವೇ ಅದನ್ನು ಚಾಲೂ ಮಾಡಲು ಮರೆತರೆ, ಬಾಗಿಲು ಬ್ರಿಡ್ಜಿನ ಮೇಲೆ ಕುಳಿತು ಕೀಲೇ ತಿರುಚಿಕೊಳ್ಳಬಹುದು. ಬಾಗಿಲ ಕೆಳಗೆ ಇಡುವ ಸುರಕ್ಷತಾ ಶೂ ಎಂಬ ಸಣ್ಣ ಸಾಧನ ಇದನ್ನೇ ತಡೆಯುವುದಕ್ಕಿದೆ. ಸ್ಟೆಪ್ ಲ್ಯಾಡರಿಗೆ ಸಾಮಾನ್ಯವಾಗಿ ಇಂಥ ಚಕ್ರವೂ ಇರುವುದಿಲ್ಲ, ಯಾರಾದರೂ ಗಮನಿಸಿ ಎತ್ತರ ಬದಲಿಸಬೇಕು. ಮುಂಬಾಗಿಲ ಆಸುಪಾಸಿನಲ್ಲೇ ವೇಗ ಅಳೆಯುವ ಪಿಟೋ ಕೊಳವೆ, ಗಾಳಿಯ ಕೋನ ಅಳೆಯುವ ಪುಟ್ಟ ರೆಕ್ಕೆ ಮುಂತಾದ ಸೂಕ್ಷ್ಮ ಅಂಗಗಳಿರುವುದರಿಂದ ಆ ಬದಿಯ ಸಣ್ಣ ತಾಗುವಿಕೆಯೂ ದೊಡ್ಡದೇ.

ಇದೆಲ್ಲವನ್ನೂ ಮಂಗಳೂರಿನ ಆಟಿ ತಿಂಗಳಿನಲ್ಲಿ ಊಹಿಸಿಕೊಳ್ಳಿ. ಕೆಂಜಾರಿನ ಗುಡ್ಡದ ತಲೆಯ ಮೇಲಿರುವ ನಮ್ಮ ನಿಲ್ದಾಣದಲ್ಲಿ ಮಳೆ ಮೇಲಿನಿಂದ ಮಾತ್ರವಲ್ಲ, ಅಡ್ಡವಾಗಿಯೂ ಹೊಡೆಯುತ್ತದೆ. ಒದ್ದೆ ಕಾಂಕ್ರೀಟಿನ ಮೇಲೆ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು. ಒದ್ದೆ ಬೂಟು ಬ್ರೇಕಿನಿಂದ ಜಾರುತ್ತದೆ. ರೈನ್‌ಕೋಟಿನ ಟೊಪ್ಪಿ ಅಕ್ಕಪಕ್ಕದ ನೋಟವನ್ನೂ ಜೊತೆಗಾರನ ಕೂಗನ್ನೂ ಮರೆಮಾಡುತ್ತದೆ. ಗಲ್ಫ್ ವಿಮಾನಗಳು ರಾತ್ರಿಯಲ್ಲೂ ನಸುಕಿನಲ್ಲೂ ಬರುತ್ತವೆ, ಒದ್ದೆ ನೆಲದಲ್ಲಿ ದೀಪಗಳ ಪ್ರತಿಬಿಂಬ ಕಣ್ಣು ಕುಕ್ಕುತ್ತದೆ. ಇಲ್ಲಿಗೆ ಎಟಿಆರ್ ವಿಮಾನಗಳೂ ಬರುವುದರಿಂದ ಅದೇ ಕೆಲಸಗಾರ ಒಂದು ಗಂಟೆಯ ಹಿಂದೆ ಜೆಟ್ಟಿನ ಹೊಟ್ಟೆಗೆ ಬೆಲ್ಟ್ ಹಚ್ಚಿದವನು, ಈಗ ಮುಂದೆ ಸಾಮಾನಿನ ಬಾಗಿಲು, ಹಿಂದೆ ಪ್ರಯಾಣಿಕರ ಬಾಗಿಲು, ನಡುವೆ ಪ್ರೊಪೆಲ್ಲರ್ ಇರುವ ವಿಮಾನಕ್ಕೆ ಹೊಂದಿಕೊಳ್ಳಬೇಕು. ಕರಾವಳಿಯ ಉಪ್ಪು ಗಾಳಿಯಿಂದ ಇನ್ನೊಂದು ತೊಂದರೆ: ಬಣ್ಣ ಕಿತ್ತುಹೋದ ಗೀರನ್ನು ಹಾಗೆಯೇ ಬಿಟ್ಟರೆ ಅಲ್ಯೂಮಿನಿಯಂ ಅಲ್ಲಿಂದ ಸವೆಯತೊಡಗುತ್ತದೆ.

ಇವು ವಿರಳ ಘಟನೆಗಳಲ್ಲ. ಫ್ಲೈಟ್ ಸೇಫ್ಟಿ ಫೌಂಡೇಶನ್ ಇಪ್ಪತ್ತು ವರ್ಷಗಳ ಹಿಂದೆಯೇ ಜಗತ್ತಿನ ವಿಮಾನ ನಿಲ್ಲುವ ಅಂಗಳಗಳಲ್ಲಿ ವರ್ಷಕ್ಕೆ ಸುಮಾರು 27,000 ರ‍್ಯಾಂಪ್ ಅಪಘಾತಗಳು, ಅಂದರೆ ಸಾವಿರ ಹಾರಾಟಕ್ಕೆ ಒಂದು ನಡೆಯುತ್ತವೆ ಎಂದು ಅಂದಾಜಿಸಿತ್ತು. ವಿಮಾನ ಸಂಸ್ಥೆಗಳ ಒಕ್ಕೂಟವಾದ ಐಎಟಿಎ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನೆಲದ ಮೇಲಿನ ಹಾನಿಯ ವೆಚ್ಚ 2035ರ ಹೊತ್ತಿಗೆ ಇಮ್ಮಡಿಯಾಗಿ ವರ್ಷಕ್ಕೆ ಸುಮಾರು 10 ಶತಕೋಟಿ ಡಾಲರ್ ಆಗಬಹುದು. ಬೆಲ್ಟ್ ಲೋಡರ್, ಕಾರ್ಗೋ ಲೋಡರ್, ಮೆಟ್ಟಿಲು ಗಾಡಿ ಮತ್ತು ಏರೋಬ್ರಿಡ್ಜ್ ಈ ನಾಲ್ಕರಿಂದಲೇ ಶೇಕಡ 40ರಷ್ಟು ಘಟನೆಗಳು. ಸಮೀಪಿಸಿದಂತೆ ತಾನೇ ವೇಗ ತಗ್ಗಿಸಿ ನಿಲ್ಲುವ, ಸೆನ್ಸರ್ ಇರುವ ಗಾಡಿಗಳನ್ನು ಬಳಸಿದರೆ ಹಾನಿಯ ವೆಚ್ಚ ಶೇಕಡ 42ರಷ್ಟು ಇಳಿಯಬಹುದು ಎಂದೂ ಅದೇ ಅಧ್ಯಯನ ಹೇಳಿದೆ. ಆದರೂ ಇವು ಸುದ್ದಿಯಾಗುವುದು ಅಪರೂಪ. ಅಂತರರಾಷ್ಟ್ರೀಯ ನಿಯಮದಲ್ಲಿ 'ಅಪಘಾತ' ಎನ್ನಿಸಿಕೊಳ್ಳಲು ಹಾರುವ ಉದ್ದೇಶದಿಂದ ಯಾರಾದರೂ ವಿಮಾನ ಹತ್ತಿರಬೇಕು. ಖಾಲಿ ವಿಮಾನಕ್ಕೆ ಗಾಡಿ ಗುದ್ದಿದರೆ ಅದು ಆ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ದೇಶದಲ್ಲಿ ಸುದ್ದಿಯಾದವುಗಳಲ್ಲಿ 2015ರ ಡಿಸೆಂಬರಿನಲ್ಲಿ ಕೋಲ್ಕತ್ತದಲ್ಲಿ ಬಸ್ಸೊಂದು ನಿಂತಿದ್ದ ಎಟಿಆರ್‌ಗೆ ಗುದ್ದಿದ್ದು, 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಟೆಂಪೋ ಟ್ರಾವೆಲರ್ ಒಂದು ನಿಂತಿದ್ದ ಎ320ರ ಮೂಗಿನ ಕೆಳಗೆ ಸಿಕ್ಕಿಕೊಂಡದ್ದು ನಿಮಗೆ ನೆನಪಿರಬಹುದು.

ಚಾಲಕನನ್ನು ಕೆಲಸದಿಂದ ತೆಗೆಯಬೇಡವೇ ಎಂದು ಕೇಳಿದ್ದೀರಿ. ಕುಡಿದು ಬಂದಿದ್ದರೆ, ನಿಯಮವನ್ನು ಬೇಕೆಂದೇ ಮುರಿದಿದ್ದರೆ ತೆಗೆಯಬೇಕು. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ನೀವು ಕಂಡ ವಿಮಾನ ನಿಂತದ್ದು, ತಾಗಿದ್ದನ್ನು ಯಾರೋ ಹೇಳಿದ್ದರಿಂದ. ಬಹುಶಃ ಆ ಚಾಲಕನೇ. ಗುತ್ತಿಗೆಯ ಮೇಲೆ, ಊರುಬಿಟ್ಟು ಬಂದು, ಸಂಬಳವನ್ನು ಮನೆಗೆ ಕಳುಹಿಸುತ್ತಾ ದುಡಿಯುವ ಮನುಷ್ಯ ಅವನು. ನಮ್ಮ ಕಾಪು, ಮುಲ್ಕಿ ಕಡೆಯವನೇ ಆಗಿದ್ದರೂ ಆಶ್ಚರ್ಯವಿಲ್ಲ. ಹೇಳಿದವನ ಕೆಲಸ ಹೋಯಿತು ಎಂಬ ಸುದ್ದಿ ಸಂಜೆಯೊಳಗೆ ವಿಮಾನ ನಿಲ್ಲುವ ಅಂಗಳಕ್ಕೆಲ್ಲ ಹಬ್ಬುತ್ತದೆ. ಮುಂದಿನ ವಾರ ಇನ್ನೊಬ್ಬನ ಗಾಡಿ ತಾಗಿದಾಗ, ಮಳೆ ಬರುತ್ತಿರುವಾಗ, ಸುತ್ತ ಯಾರೂ ಇಲ್ಲದಿರುವಾಗ ಅವನು ಆ ಸುದ್ದಿಯನ್ನೇ ನೆನೆಯುತ್ತಾನೆ. ನನ್ನ ಸೇವಾವಧಿಯಲ್ಲಿ ಒಮ್ಮೆ ಹುಡುಗನೊಬ್ಬ ಓಡಿಬಂದು, ಲ್ಯಾಡರ್ ತಾಗಿತು ಎಂದು ತುಳುವಿನಲ್ಲಿ ನಡುಗುತ್ತಾ ಹೇಳಿದ್ದ. ನೋಡಿದರೆ ಬರೀ ಬಣ್ಣ ಹೋಗಿತ್ತು, ಇಪ್ಪತ್ತು ನಿಮಿಷದಲ್ಲಿ ಪರೀಕ್ಷೆ ಮುಗಿಸಿ ವಿಮಾನ ಬಿಟ್ಟೆವು. ಅವನ ಮೇಲಧಿಕಾರಿ ಎಲ್ಲರೆದುರು ಅವನನ್ನು ಬೈದ. ಆ ಬೈಗುಳ ತಪ್ಪು ಎಂದು ನಾನು ಅಲ್ಲಿಯೇ ಹೇಳಬೇಕಿತ್ತು. ಹೇಳಲಿಲ್ಲ, ಅದು ಇಂದಿಗೂ ಮನಸ್ಸಿನಲ್ಲಿ ಉಳಿದಿದೆ. ಬ್ರೇಕ್ ಸರಿಯಿರದ ಗಾಡಿಯನ್ನು ಕೊಟ್ಟವರು ಯಾರು, ಮೂರು ಜನ ಮಾಡುವ ಕೆಲಸಕ್ಕೆ ಇಬ್ಬರನ್ನು ಕಳುಹಿಸಿದವರು ಯಾರು, ಸತತ ಎರಡು ಪಾಳಿ ದುಡಿಸಿದವರು ಯಾರು ಎಂದು ಕೇಳದೆ ಚಾಲಕನನ್ನಷ್ಟೇ ಕಳುಹಿಸಿದರೆ ಅದೇ ಗಾಡಿ, ಅದೇ ಪಾಳಿ ಇನ್ನೊಬ್ಬನಿಗೆ ಕಾದಿರುತ್ತದೆ.

ನಿಮಗೂ ಒಂದು ಮಾತು. ಇಂಥದ್ದನ್ನು ನೀವೇ ಮೊದಲು ಕಂಡರೆ ವಿಡಿಯೋ ಮಾಡುವುದಕ್ಕಿಂತ ಮೊದಲು ಗೇಟಿನಲ್ಲಿರುವವರಿಗೆ, ಹತ್ತಿ ಕುಳಿತಿದ್ದರೆ ಗಗನಸಖಿಗೆ ತಿಳಿಸಿ. ರೆಕ್ಕೆಯ ಮುಂದೆಯೋ ಹಿಂದೆಯೋ, ಯಾವ ಬದಿ, ಯಾವ ಗಾಡಿ ಎಂದಷ್ಟು ಹೇಳಿದರೆ ಸಾಕು, ವಿಷಯ ಪೈಲಟರಿಗೆ ತಲುಪುತ್ತದೆ.

ಕೊನೆಯದಾಗಿ ನೀವು ಕಂಡ ತೇಪೆ. ಅದನ್ನು ಡಬ್ಲರ್ ಎನ್ನುತ್ತಾರೆ. ಹಾನಿಯಾದ ಹೊದಿಕೆಯನ್ನು ಕತ್ತರಿಸಿ ತೆಗೆದು, ಮೂಲೆಗಳನ್ನು ದುಂಡಾಗಿಸಿ, ಸುತ್ತಲಿನ ಗಟ್ಟಿ ಹೊದಿಕೆಯ ಮೇಲೂ ಸಾಕಷ್ಟು ಹರಡುವಂತೆ ಹೊಸ ತಗಡನ್ನು ಸಾಲುಸಾಲು ರಿವೆಟ್‌ಗಳಿಂದ ಕೂರಿಸಿರುತ್ತಾರೆ. ಸರಿಯಾಗಿ ಮಾಡಿದ ಡಬ್ಲರ್ ವಿಮಾನದ ಆಯುಷ್ಯವಿಡೀ ಬಾಳುತ್ತದೆ. ಸರಿಯಾಗಿ ಮಾಡದಿದ್ದರೆ ಏನಾಗುತ್ತದೆ ಎಂಬುದನ್ನೂ ಮುಚ್ಚಿಡುವುದಿಲ್ಲ: 1980ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಇಳಿಯುವಾಗ ಬಾಲ ನೆಲಕ್ಕೆ ಉಜ್ಜಿದ್ದ ಚೀನಾ ಏರ್‌ಲೈನ್ಸ್‌ನ ಬೋಯಿಂಗ್ 747 ಒಂದಕ್ಕೆ ಗೀರುಗಳನ್ನು ಪೂರ್ತಿ ತೆಗೆಯದೆ, ಸಾಕಷ್ಟು ಹರಡದ ತೇಪೆ ಹಾಕಿದ್ದರು. ಅಡಿಯಲ್ಲಿ ಅಡಗಿದ್ದ ಬಿರುಕು ಬೆಳೆಯುತ್ತಾ ಹೋಗಿ 22 ವರ್ಷಗಳ ನಂತರ, 2002ರ ಮೇ 25ರಂದು ಆ ವಿಮಾನ ತೈವಾನ್ ಜಲಸಂಧಿಯ ಮೇಲೆ ಒಡೆದು 225 ಮಂದಿ ಸತ್ತರು. ದುರಸ್ತಿಯ ಅಳತೆ, ವಿಧಾನ, ಮುಂದಿನ ತಪಾಸಣೆಯ ಗಡುವು ಎಲ್ಲವನ್ನೂ ಬರೆದು ಪರವಾನಗಿ ಪಡೆದ ಎಂಜಿನಿಯರ್ ಸಹಿ ಹಾಕದೆ ವಿಮಾನ ಬಿಡುವಂತಿಲ್ಲ ಎಂಬ ಕಟ್ಟುನಿಟ್ಟು ಇಂಥ ಸಾವುಗಳಿಂದಲೇ ಗಟ್ಟಿಯಾದದ್ದು.

ಪ್ರತಿ ವಿಮಾನಕ್ಕೂ ಅದರ ಮೈಯ ನಕ್ಷೆಯೊಂದು ಇರುತ್ತದೆ. ಯಾವ ನೆಗ್ಗು ಎಲ್ಲಿದೆ, ಯಾವಾಗ ಬಿತ್ತು, ಎಷ್ಟು ಆಳ, ಏನು ಮಾಡಲಾಯಿತು ಎಂಬುದೆಲ್ಲ ಅದರಲ್ಲಿ ಗುರುತಾಗಿರುತ್ತದೆ. ಬೆಳಗಿನ ಸುತ್ತಿನಲ್ಲಿ ನೆಗ್ಗೊಂದು ಕಂಡರೆ ಎಂಜಿನಿಯರ್ ಮೊದಲು ತೆರೆಯುವುದು ಆ ನಕ್ಷೆಯನ್ನು. ಅಲ್ಲಿದ್ದರೆ ಹಳೆಯದು, ಹಾರಬಹುದು. ಇಲ್ಲದಿದ್ದರೆ ಹೊಸದು, ವಿಮಾನ ನಿಲ್ಲಬೇಕು. ನಿಮ್ಮನ್ನು ಮಂಗಳೂರಿಗೆ ತಂದ ವಿಮಾನದ ಆ ತೇಪೆ ನಕ್ಷೆಯಲ್ಲಿ ಇದ್ದಿರಲೇಬೇಕು. ನಿಮ್ಮನ್ನು ಹೊತ್ತು ಹಾರದೆ ನಿಂತ ವಿಮಾನದ ಅಂಗೈ ಅಗಲದ ನೆಗ್ಗಿಗೂ ಆ ಒಂಬತ್ತು ಗಂಟೆಗಳಲ್ಲಿ ಅದರ ನಕ್ಷೆಯಲ್ಲಿ ಒಂದು ಜಾಗ ಸಿಕ್ಕಿರುತ್ತದೆ.